ನೀರಿಗಿಟ್ಟ ಉಕ್ಕು

"ಬೂದಿಯಾಗ ಹೂಳ್ರಿ. ತನ್ನಷ್ಟಕ್ಕ ತಾನ ಆರ್ಲಿ," ಎಂದು ತಿದಿ ಒತ್ತುತ್ತಿದ್ದ ಶಿವಗಂಗವ್ವ ಗಂಡನಿಗೆ ಮೆಲ್ಲಗೆ ಹೇಳಿದಳು. ಮೂಡಲಗಿಯ ಕಮ್ಮಾರ ಕೆಂಚಪ್ಪನ ಇಕ್ಕಳದಲ್ಲಿ ಉಕ್ಕಿನ ಪಟ್ಟಿ ಕೆಂಪಗೆ ಉರಿಯುತ್ತಿತ್ತು. ಸಂಕೇಶ್ವರದಿಂದ ತರಿಸಿದ್ದ, ಹಳೆಯ ಮೋಟಾರು ಗಾಡಿಯ ಸ್ಪ್ರಿಂಗಿನ ಪಟ್ಟಿ. ತೋಡುತ್ತಿದ್ದ ಹೊಸ ಬಾವಿಯಿಂದ ಕಲ್ಲು ಎತ್ತುವ ಹಗ್ಗದ ಗಾಲಿಯನ್ನು ಅದಕ್ಕೇ ತೂಗುಹಾಕಬೇಕಿತ್ತು.

ಬಾವಿ ಕೆಲಸದ ಮುಕಾದಮ ಬೀರಸಿದ್ದಪ್ಪ ಬಾಗಿಲಲ್ಲೇ ನಿಂತಿದ್ದ.

"ಬೂದಿಯಾಗ ಇಟ್ರ ನಾಳಿಗಿ ಆಗತೈತಿ. ತಳದಾಗ ಸೆಲಿ ಒಡದು ನೀರು ಏರಾಕತ್ತೈತಿ. ಕಲ್ಲು ಇವತ್ತ ಮ್ಯಾಲ ಬರಬೇಕು. ನೀರಿಗಿ ಹಾಕು, ಕೆಂಚಪ್ಪ."

ಕೆಂಚಪ್ಪ ಹೆಂಡತಿಯ ಮುಖ ನೋಡಲಿಲ್ಲ. ಪಟ್ಟಿಯನ್ನೂ ಅದರಿಂದ ಕಡಿದಿದ್ದ ತುಂಡನ್ನೂ ನೀರಿನ ತೊಟ್ಟಿಗೆ ಅದ್ದಿದ. ಆವಿ ಎದ್ದು ಮೂವರ ಮುಖವನ್ನೂ ಮುಚ್ಚಿತು. ಬೀರಸಿದ್ದಪ್ಪ ಪಟ್ಟಿ ಹೊತ್ತು ಹೋದ.

ಒಂದು ತಾಸಿನ ಮೇಲೆ ಕೆಂಚಪ್ಪ ಉಳಿದ ತುಂಡಿನ ಮೇಲೆ ಕಬ್ಬಿಣ ಉಜ್ಜುವ ಅರ ತಿಕ್ಕಿದ. ಗಾಜಿನ ಮೇಲೆ ಜಾರಿದಂತೆ ಜಾರಿತು. ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಬಾಗಲಿಲ್ಲ, ಗಡಿಗೆಯಂತೆ ಒಡೆದು ಎರಡಾಯಿತು.

"ಹಣಮಂತ ಬಾವಿ ತಳದಾಗ ಅದಾನ," ಎಂದಳು ಶಿವಗಂಗವ್ವ. ಹಣಮಂತ ಆಕೆಯ ತಮ್ಮ. ಬಂಡೆಗೆ ಇಡುವ ಮದ್ದಿನ ಸದ್ದಿಗೆ ಅವನ ಎರಡೂ ಕಿವಿ ಹೋಗಿ ವರ್ಷವಾಗಿತ್ತು.

ಕೆಂಚಪ್ಪ ಓಡಿದ. ಬಾವಿಯ ಬಳಿ ಎತ್ತುಗಳು ಹಗ್ಗ ಎಳೆಯುತ್ತಿದ್ದವು. ಕಲ್ಲಿನ ಬುಟ್ಟಿ ಅರ್ಧಕ್ಕೆ ಏರಿತ್ತು.

"ಎತ್ತು ನಿಲ್ಲಸ್ರಿ, ಮುಕಾದಮರ. ಪಟ್ಟಿ ಮುರೀತೈತಿ. ನಾ ಗೊತ್ತಿದ್ದೂ ನೀರಿಗಿ ಹಾಕೇನಿ."

ಬೀರಸಿದ್ದಪ್ಪ ಎತ್ತಿನವನಿಗೆ ಕೈ ಅಡ್ಡ ಹಿಡಿದ. ಎತ್ತುಗಳು ನಿಂತವು; ಬುಟ್ಟಿ ತೂಗಾಡಿತು. ಮೇಲಿಂದ ಕೂಗಿದಾಗ ತಳದಲ್ಲಿದ್ದ ಇಬ್ಬರು ಗೋಡೆಯ ಗುಳಿಗಳಲ್ಲಿ ಕಾಲಿಟ್ಟು ಹತ್ತಿ ಬಂದರು. ಬೆದರಿದವರು ಹಿಂದೆ ನೋಡಿರಲಿಲ್ಲ. ಹಣಮಂತ ಬೆನ್ನು ಹಾಕಿ ಕಲ್ಲು ಆಯುತ್ತಲೇ ಇದ್ದ.

ಕೆಂಚಪ್ಪ ಇಳಿಯತೊಡಗಿದ. ತಲೆಯ ಮೇಲೆ ಬುಟ್ಟಿ ಕಿರುಗುಡುತ್ತಿತ್ತು. ತಳ ಮುಟ್ಟಿದವನೇ ಹಣಮಂತನ ರಟ್ಟೆ ಹಿಡಿದು, ಅವನ ತಲೆಯ ರುಮಾಲು ಕಳಚಿ ಬೀಳುವಂತೆ ಎಳೆದು, ಗೋಡೆಗೆ ಒತ್ತಿ, ತನ್ನ ಮೈ ಅಡ್ಡವಿಟ್ಟ.

"ಯಾಕ ಮಾವಾ, ಏನಾತು?"

ಮೇಲೆ ಪಟ್ಟಿ ಟಣ್ ಎಂದಿತು.

ಹಣಮಂತನಿಗೆ ಸದ್ದು ಕೇಳಲಿಲ್ಲ. ಬೆನ್ನಿನ ಹಿಂದಿನ ಗೋಡೆ ನಡುಗಿದ್ದಷ್ಟೇ ತಿಳಿಯಿತು. ಕೆಂಚಪ್ಪ ಕುಸಿದ. ಬುಟ್ಟಿಯಿಂದ ಉರುಳಿದ ಕಲ್ಲಿಗೆ ಸಿಕ್ಕಿ ಅವನ ಎಡಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಮೇಲಿನವರು ಬೇರೆ ಹಗ್ಗ ಇಳಿಬಿಟ್ಟರು. ಹಣಮಂತ ಅದನ್ನು ಮಾವನ ಸೊಂಟಕ್ಕೆ ಬಿಗಿದು, ಕೆಳಗಿನಿಂದ ಆಸರೆ ಕೊಡುತ್ತ ತಾನೂ ಗೋಡೆ ಹತ್ತಿದ.

ನಡುವೆ ಒಮ್ಮೆ ತಿರುಗಿ ನೋಡಿದ. ತಾನು ನಿಂತಿದ್ದಲ್ಲಿ ಕಲ್ಲಿನ ಗುಡ್ಡೆ. ಅದರಡಿಗೆ ಒಂದು ತುದಿ ಸಿಕ್ಕ ಅವನ ರುಮಾಲು ಏರುವ ನೀರಿನಲ್ಲಿ ಮೆಲ್ಲಗೆ, ಸುತ್ತು ಸುತ್ತಾಗಿ, ಬಿಚ್ಚಿಕೊಳ್ಳುತ್ತಿತ್ತು.