ಅಂಗಾಲಿನ ಲಿಂಗ

“ಎಲಾ ಸೂಳೇಮಗನ, ಕಾಲಾಗ ಲಿಂಗ ಇಟ್ಟಗೊಂಡ ಕುಂತೀಯೇನೋ!”

ದೇವರದೇ ಬಾಯಿ ಎಂದು ಓಣಿಯೆಲ್ಲ ನಂಬಿದ್ದ, ಮಠದ ಅಯ್ಯನವರ ಬಾಯಿ ಅದು. ೧೯೬೨ರ ಖಂಡೇನವಮಿಯ ಆಯುಧಪೂಜೆ, ಇಚಲಕರಂಜಿಯ ಬಸಗೊಂಡ ಸಾವಕಾರನ ಮಗ್ಗದ ಶೆಡ್ಡು. ಮಗ್ಗಗಳಿಗೆ ವಿಭೂತಿ ಹಚ್ಚುತ್ತ ಬಂದವರು ಮೂಲೆಯಲ್ಲಿ ಕಾಡಸಿದ್ದನನ್ನು ಕಂಡಿದ್ದರು. ಅವನ ತೋಳುಗಳೆರಡೂ ಮೊಣಕೈಗೇ ಮುಗಿದಿದ್ದವು. ಬಲದೊಡೆಯ ಮೇಲೆ ಎಡಗಾಲು ಮಡಚಿ, ಅಂಗಾಲಿನಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರಲ್ಲೇ ಕಣ್ಣು ನೆಟ್ಟು ಕೂತಿದ್ದ.

ಮೂರು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಮಗ್ಗ ತಿರುಗಿಸುವ ಯಂತ್ರದ ಪಟ್ಟಾ ಅವನ ಕೈಗಳನ್ನು ಎಳೆದುಕೊಂಡಿತ್ತು. ಆ ಪಟ್ಟಾಕ್ಕೂ ಈಗಷ್ಟೇ ಹೂ ಏರಿಸಿ ಕೈಮುಗಿದಿದ್ದರು. ಕಾಡಸಿದ್ದ ಒಂದು ವರ್ಷ ಸಾಯಲೆಂದೇ ಮಲಗಿದ. ಸಾವೂ ಹತ್ತಿರ ಸುಳಿಯದಾಗ ಕಾಲಿಗೆ ಕೆಲಸ ಕಲಿಸಿದ. ಒಂದು ಕಾಲಿನಿಂದ ರಾಟೆ ತಿರುವಿ, ಇನ್ನೊಂದರ ಬೆರಳಲ್ಲಿ ನೂಲು ಹಿಡಿದು, ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟ. ದುಡಿಮೆಯ ಬೆನ್ನಿಗೇ ಪೂಜೆಯೂ ಬಂತು. ದಿನಾ ಹೆಂಡತಿ ಮಲಕವ್ವ ಅವನ ಕಾಲು ತೊಳೆದು, ಕೊರಳಿನ ಲಿಂಗ ಬಿಚ್ಚಿ ಅಂಗಾಲಿನಲ್ಲಿ ಇಡುತ್ತಿದ್ದಳು. ಅಷ್ಟು ಹೊತ್ತು ಅವನಿಗೆ ತಾನು ಇಡೀ ಮನುಷ್ಯ ಅನ್ನಿಸುತ್ತಿತ್ತು.

“ಅಂಗೈಯಾಗ ಇಡಬೇಕು, ಖರೇ ಐತ್ರಿ ಅಪ್ಪಾರ. ಅಂಗೈ ಪಟ್ಟಾ ತಿಂದೈತ್ರಿ,” ಎಂದ ಕಾಡಸಿದ್ದ.

“ಕೈ ಇಲ್ಲದಂವಗ ಲಿಂಗ ಯಾಕೋ? ಹಿಂದಿನ ಜನ್ಮದಾಗ ಏನ ಹೇಲ ತಿಂದಿದ್ದಿಯೋ, ಈಗ ಉಣ್ಣಾಕತ್ತಿ. ಮಠಕ್ಕ ಕೊಡು ಅದನ್ನ.”

“ನೀವು ಉಟ್ಟಿದ್ದ ಧೋತರಾ ಇದ ಶೆಡ್ಡಿಂದ್ರಿ ಅಪ್ಪಾರ. ಅದರ ನೂಲ ಇದ ಕಾಲಾಗ ಸುತ್ತೇನಿ. ಅದನ್ನೂ ಬಿಚ್ಚತೀರೇನ್ರಿ?”

ಹಿಂದೆ ನಿಂತ ನೇಕಾರರಲ್ಲಿ ಯಾರೋ ಕಿಸಕ್ಕೆಂದರು. ಅಯ್ಯನವರ ಜೊತೆಗಿದ್ದ ಸಾವಕಾರನಿಗೆ ರೇಗಿಹೋಯಿತು.

“ಮಸ್ತಿ ಬಂತೇನಲೇ ಮೋಟ್ಯಾ? ಲಿಂಗ ಕೊಡು. ಇಲ್ಲಾಂದ್ರ ನಾಳಿಂದ ಈ ಕಡೆ ಹಾಯಬ್ಯಾಡ.”

ಗಂಡನ ಪಕ್ಕದಲ್ಲಿದ್ದ ಮಲಕವ್ವ ಅಯ್ಯನವರ ಕಾಲಿಗೆ ಬಿದ್ದಳು. “ಕೆಲಸ ಹೋದ್ರ ಹೋಗಲ್ರಿ, ಬೇಡಿ ತಿಂತೇವು. ಲಿಂಗ ಕಸಗೋಬ್ಯಾಡ್ರಿ, ಇಂವ ಉಳಿಯಂಗಿಲ್ರಿ.”

ಅಯ್ಯನವರು ಕಾಲು ಹಿಂದೆಗೆದು ಕೈ ಚಾಚಿದರು. ಕಾಡಸಿದ್ದ ಕಾಲ್ಬೆರಳು ಬಿಗಿದು ಲಿಂಗವನ್ನು ಹಿಡಿದ. ಹಿಡಿದ ಕಾಲನ್ನೇ ಅವರ ಮುಂದೆ ನೀಡಿದ.

“ಬಗ್ಗಿ ತಗೋರಿ ಅಪ್ಪಾರ.”

ಊರಿನವರೆಲ್ಲ ತಮ್ಮ ಕಾಲಿಗೆ ಬೀಳುವಾಗ ತಾವು ಇವನ ಕಾಲು ಹಿಡಿಯುವುದೇ? ಅವರ ಕೈ ಹಿಂದೆ ಸರಿಯಿತು. “ಬಸಗೊಂಡಾ, ನೀನ ತಗೀಪಾ.”

ಸಾವಕಾರ ಕುಕ್ಕರಿಸಿ ಎಳೆದ, ತಿರುವಿದ, ಬೆವತ. ಬೆರಳು ಬಿಡಲಿಲ್ಲ.

“ಪಕ್ಕಡ ತರ್ರಲೇ ಯಾರರೇ!”

ಇಪ್ಪತ್ತು ಜನ ನೇಕಾರರು ನಿಂತಿದ್ದರು. ಯಾರೂ ತರಲಿಲ್ಲ. ಯಾರೂ ತಡೆಯಲೂ ಇಲ್ಲ. ಪೂಜೆಗಿಟ್ಟ ಹತ್ಯಾರುಗಳ ನಡುವಿನಿಂದ ಸಾವಕಾರನೇ ಆ ಕಬ್ಬಿಣದ ಇಕ್ಕಳ ಎತ್ತಿಕೊಂಡು, ಅದರ ಮೇಲಿನ ಹೂವನ್ನು ಕೊಡವಿ ಬಂದ. ಅಯ್ಯನವರು ಮುಖ ತಿರುಗಿಸಿ ಮುಂದಿನ ಮಗ್ಗಕ್ಕೆ ವಿಭೂತಿ ಹಚ್ಚತೊಡಗಿದರು.

ಹೆಬ್ಬೆರಳು ಮುರಿಯಿತು. ಕಾಡಸಿದ್ದ ಉಳಿದ ನಾಲ್ಕನ್ನು ಇನ್ನಷ್ಟು ಬಿಗಿದ.