ಹೊಂಡದ ತಿರುವಿನಲ್ಲಿ

"ಓರೆ ಮಾಡಿ, ಇನ್ನೂ ಓರೆ ಮಾಡಿ. ತಲೆಕಡೆಯವರು ಸ್ವಲ್ಪ ಬಗ್ಗಿ," ಎಂದು ಬಡಗಿ ಹೇಳುತ್ತಲೇ ಇದ್ದ. ಪೆಟ್ಟಿಗೆ ಮಾತ್ರ ಬಾಗಿಲಲ್ಲಿ ಸಿಕ್ಕಿಕೊಂಡು ಕೂತಿತ್ತು. ಒಳಗಿನವರು ತಳ್ಳುತ್ತಿದ್ದರು, ಹೊರಗಿನವರು ಎಳೆಯುತ್ತಿದ್ದರು. ನಡುವೆ ಗೇಟಕ್ಕ ಯಾವ ಅವಸರವೂ ಇಲ್ಲದೆ ಮಲಗಿದ್ದಳು. ಬದುಕಿದ್ದಾಗಲೂ ಅವಳದು ಅವಸರದ ಜೀವವಲ್ಲ. ದೊಡ್ಡ ಮೈ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು.

"ಅಳತೆ ತಗೊಂಡೋನು ನೀನೇ ತಾನೆ?" ಎಂದಳು ಗೇಟಕ್ಕನ ತಂಗಿ. ಅವಳು ಟೈಲರ್. ಅಳತೆ ತಪ್ಪಿದರೆ ಯಾವ ಹೊತ್ತಿನಲ್ಲೂ ಸುಮ್ಮನಿರುವವಳಲ್ಲ.

"ಪೆಟ್ಟಿಗೆ ಅಳತೆ ಸರಿಯಾಗೇ ಇದೆ. ಬಾಗಿಲು ಮಾಡಿದೋರನ್ನ ಕೇಳು."

"ಬಾಗಿಲು ಮಾಡಿದ್ದೂ ನೀನೇ."

ಅಳುತ್ತಿದ್ದವರಲ್ಲಿ ಇಬ್ಬರು ಮೂವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕಿದ್ದಕ್ಕೆ ಮತ್ತೆ ಅಳು ಬಂತು. ಕೊನೆಗೆ ಬಡಗಿ ಬಾಗಿಲನ್ನೇ ತಿರುಗಣೆಯಿಂದ ಕಳಚಿಟ್ಟ. ಗೇಟಕ್ಕ ಬೀದಿಗೆ ಬಂದಳು.

ಬೀದಿಯಲ್ಲಿ ಮುನಿಸಿಪಾಲಿಟಿಯ ಗಾಡಿ ಹಿಂಬಾಗಿಲು ತೆರೆದು ನಿಂತಿತ್ತು. ಸ್ಮಶಾನಕ್ಕೆ ಟಾರು ರಸ್ತೆಯಿದೆ, ಗಾಡಿಯಲ್ಲಿ ಹೋದರೆ ಹೆಚ್ಚು ಹೊತ್ತು ಹಿಡಿಯದು. ಪೆಟ್ಟಿಗೆ ಹೊತ್ತವರು ಅತ್ತ ತಿರುಗುವಷ್ಟರಲ್ಲಿ ತಂಗಿ ಅಡ್ಡ ಬಂದು ನಿಂತಳು.

"ಗಾಡಿ ಬೇಡ. ಕಾಡಿನ ದಾರೀಲಿ ಹೋಗೋಣ. ಹೊಂಡದ ಮೇಲಿಂದ."

ಎಲ್ಲರೂ ಗಾರ್ಡನ ಮುಖ ನೋಡಿದರು. ಕಾಡು ಅವನ ಸುಪರ್ದಿಯಲ್ಲಿತ್ತು.

ಊರ ಹಿಂದಿನ ಆ ಗುಡ್ಡದಲ್ಲಿ ಒಂದು ಕಾಲಕ್ಕೆ ಕಲ್ಲು ಒಡೆಯುತ್ತಿದ್ದರು. ಕೆಲಸ ನಿಂತಮೇಲೆ ಊರವರೆಲ್ಲ ಸೇರಿ, ಇನ್ನು ಇಲ್ಲಿ ಯಾರೂ ಕಟ್ಟುವಂತಿಲ್ಲ, ಕಡಿಯುವಂತಿಲ್ಲ, ಮಾರುವಂತಿಲ್ಲ, ಇದು ತನ್ನಷ್ಟಕ್ಕೆ ಇರಲಿ ಎಂದು ತೀರ್ಮಾನಿಸಿದರು. ಗಿಡಮರ ತಾವಾಗಿ ಬಂದವು. ಕಲ್ಲು ತೆಗೆದ ಗುಳಿಯಲ್ಲಿ ನೀರು ನಿಂತು ಹೊಂಡವಾಯಿತು. ನಡೆಯುವವರಿಗೆಂದು ಎರಡು ಕಾಲುದಾರಿ ಬಿಡಿಸಿದರು. ಒಂದು ಬಂಡೆಯ ತುದಿಗೆ ಹೋಗುತ್ತದೆ. ಇನ್ನೊಂದು ಹೊಂಡದ ಮೇಲ್ದಂಡೆಯಲ್ಲಿ ಹಾದು ಸ್ಮಶಾನದ ಹಿಂಭಾಗಕ್ಕೆ ಇಳಿಯುತ್ತದೆ. ಎರಡಕ್ಕೂ ಗೇಟು ಒಂದೇ. ಆ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ, ಕಿಟಕಿಗೆ ಮೊಣಕೈ ಊರಿಕೊಂಡು ಗೇಟಕ್ಕ ಮೂವತ್ತು ವರ್ಷ ಕೂತಳು. ಬಂದವರಿಗೆ ಊರುಗೋಲು ಕೊಡುವುದು, ದಾರಿ ಹೇಳುವುದು, ಸಂಜೆ ಕೋಲುಗಳೆಲ್ಲ ಮೂಲೆಗೆ ಮರಳಿದವೇ ಎಂದು ನೋಡುವುದು, ಇಷ್ಟೇ ಅವಳ ಕೆಲಸ.

"ಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ," ಎಂದ ಗಾರ್ಡು. "ಆದ್ರೆ ಕೊಕ್ಕರೆಗಳು ಮೊಟ್ಟೆ ಮೇಲೆ ಕೂತಿವೆ. ಇಷ್ಟು ಜನ, ಹೆಗಲ ಮೇಲೆ ಪೆಟ್ಟಿಗೆ. ಅವು ಒಂದು ಸಲ ಬೆದರಿ ಎದ್ದರೆ ಕಾಗೆಗಳು ಮೊಟ್ಟೆ ಬಿಡಲ್ಲ. ಆಮೇಲೆ ಆ ಮರಗಳಿಗೆ ಅವು ತಿರುಗಿ ಬರ್ತವೆ ಅಂತ ನಾನು ಹೇಳಲಾರೆ. ಅಕ್ಕನೇ ಕಾಪಾಡಿಕೊಂಡು ಬಂದ ಜಾಗ ಅದು. ಅವಳ ಮೆರವಣಿಗೆಯಿಂದಲೇ ಹಾಳಾಗೋದು ಬೇಡ."

"ಅವಳು ಆ ಜಾಗ ನೋಡೇ ಇಲ್ಲ," ಎಂದಳು ತಂಗಿ. "ಒಂದು ಸಲಾನೂ ನೋಡಿಲ್ಲ. ಅದಕ್ಕೇ ಕೇಳ್ತಿದೀನಿ."

ಯಾರಿಗೂ ಅರ್ಥವಾಗಲಿಲ್ಲ. ಅವಳಿಗೆ ದುಃಖದಲ್ಲಿ ತಲೆ ಕೆಟ್ಟಿರಬೇಕು ಎಂದುಕೊಂಡು ಬೇಕರಿಯವನು ಮೆತ್ತಗೆ ಹೇಳಿದ: "ಹಾಗಂದ್ರೆ ಹೇಗಮ್ಮ? ಏರು ಮುಗಿದ ಕೂಡಲೇ ಹಿಂದೆ ತಿರುಗು, ಊರೆಲ್ಲ ಅಂಗೈಯಗಲ ಕಾಣುತ್ತೆ ಅಂತ ನನಗೆ ಹೇಳಿದ್ದು ಯಾರು? ಸೀಳಿದ ಬಂಡೆಗೆ ಕಿವಿ ಕೊಟ್ಟರೆ ಒಳಗೆ ನೀರು ಹರಿಯೋದು ಕೇಳುತ್ತೆ ಅಂದಿದ್ದು ಯಾರು?"

"ಅವಳೇ. ಯಾರೋ ಕೇಳಿಸಿಕೊಂಡು ಬಂದು ಅವಳಿಗೆ ಹೇಳಿದ್ರು. ಅವಳು ನಿಮಗೆ ಹೇಳಿದ್ಲು." ತಂಗಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಸಣ್ಣವಳಿದ್ದಾಗ ಜ್ವರ ಬಂದು ಎದೆ ಕೆಟ್ಟಿತ್ತು. ಏರು ಹತ್ತಿದರೆ ಉಳಿಯಲ್ಲ ಅಂದಿದ್ರು ಡಾಕ್ಟರು. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ಒಂದು ಸಲ ಎಲ್ಲರೂ ಹೋದಮೇಲೆ ಗೇಟು ದಾಟಿ ಹತ್ತಿದ್ಲು. ಮೊದಲನೇ ತಿರುವಿಗೇ ತುಟಿ ನೀಲಿ ಆಗಿತ್ತು, ನಾನೇ ತೋಳಲ್ಲಿ ಹಿಡಿದು ಇಳಿಸಿದ್ದು. ಅಲ್ಲಿಂದಾಚೆ ಅವಳು ಏನೂ ನೋಡಿಲ್ಲ."

ಗೇಟಕ್ಕನ ಒಂದು ಚಾಳಿ ಎಲ್ಲರಿಗೂ ಗೊತ್ತಿತ್ತು. ಇಳಿದು ಬಂದವರ ಕೈಯಿಂದ ಅವಳು ಕೋಲು ಸುಮ್ಮನೆ ತೆಗೆದುಕೊಳ್ಳುತ್ತಿರಲಿಲ್ಲ. "ಏನು ನೋಡಿದ್ರಿ?" ಎಂದು ಕೇಳುತ್ತಿದ್ದಳು. ಏನಿಲ್ಲ ಎಂದರೆ, "ಏನೂ ನೋಡದೋರ ಕೋಲು ನನಗೆ ಬೇಡ, ಮನೆಗೆ ತಗೊಂಡು ಹೋಗಿ," ಎನ್ನುತ್ತಿದ್ದಳು. ಜನ ತಲೆ ಕೆರೆದುಕೊಂಡು ನಿಂತು ನೆನಪು ಮಾಡಿಕೊಳ್ಳುತ್ತಿದ್ದರು. ಮುಂದಿನ ಸಲ ಹೋಗುವಾಗ ಅವಳಿಗೆ ಹೇಳಲೆಂದೇ ಕಣ್ಣು ಬಿಟ್ಟುಕೊಂಡು ನಡೆಯುತ್ತಿದ್ದರು. ಅದನ್ನೆಲ್ಲ ಅವರು ತಮಾಷೆ ಎಂದುಕೊಂಡಿದ್ದರು.

"ನನಗೆ ಗೊತ್ತಿತ್ತು," ಎಂದ ಹಿಂದೆ ನಿಂತಿದ್ದ ಮುದುಕ.

ಅವನು ರಿಟೈರಾದ ಪೋಸ್ಟ್‌ಮನ್. ವಾರವೆಲ್ಲ ಊರು ಸುತ್ತಿ, ರಜೆಯ ದಿನವೂ ಕಾಲು ಸುಮ್ಮನಿರದೆ ಗುಡ್ಡ ಹತ್ತುತ್ತಿದ್ದ ಆಸಾಮಿ. ತಂಗಿ ಸರಕ್ಕನೆ ಅವನ ಕಡೆ ತಿರುಗಿದಳು.

"ನಿಮಗೆ ಹೇಗೆ ಗೊತ್ತು? ನಾನು ಯಾರಿಗೂ ಹೇಳಿಲ್ಲ."

"ಅವಳು ಒಂದು ತಪ್ಪು ಮಾಡಿದ್ಲು. ಮೊದಲನೇ ವರ್ಷ."

*

ಆಗ ಪೋಸ್ಟ್‌ಮನ್ ಹರೆಯದವನು. ಬಂಡೆಯ ತುದಿಯಿಂದ ಇಳಿದು ಬಂದ ಒಂದು ದಿನ, ಬಂಡೆಯ ಬಿರುಕುಗಳಲ್ಲಿ ಹಕ್ಕಿಗಳು ಗೂಡು ಮಾಡಿವೆ, ಮಾತಾಡಿದರೆ ಹಾರಿಹೋಗುತ್ತವೆ ಎಂದು ಅವಳಿಗೆ ಹೇಳಿದ್ದ. ಇನ್ನೊಂದು ವಾರ ಹೊಂಡದ ದಾರಿ ಹಿಡಿದು ಬಂದು ಅದರ ತಿರುವು, ನೀರು, ದಂಡೆಯ ಮರಗಳನ್ನು ಬಣ್ಣಿಸಿದ್ದ. ಎರಡನ್ನೂ ಕಾಣದವಳ ತಲೆಯಲ್ಲಿ ಎರಡೂ ಒಂದಾಗಿದ್ದವು.

ಒಂದು ದಿನ ಅವನು ಬಂದಾಗ ಅವಳು ಶಾಲೆಯ ಹುಡುಗಿಯರ ಗುಂಪಿಗೆ ದಾರಿ ಹೇಳುತ್ತಿದ್ದಳು. "ಹೊಂಡದ ತಿರುವಿನಲ್ಲಿ ಎಲ್ಲರೂ ಬಾಯಿ ಮುಚ್ಚಿ. ದಂಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿವೆ."

ದಂಡೆಯ ಮರಗಳಲ್ಲಿ ಆಗ ಒಂದು ಕಡ್ಡಿಯೂ ಇರಲಿಲ್ಲ. ಸರಿಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿದ. ಆ ಗೂಡುಗಳನ್ನು ಅವಳು ಎದುರಿಗೇ ಕಾಣುತ್ತಿರುವಂತಿತ್ತು. ಇವಳು ಅಲ್ಲಿಗೆ ಹೋಗಿಲ್ಲ, ಹೋಗಲಾರಳು ಎಂದು ಅವನಿಗೆ ಆಗ ಹೊಳೆಯಿತು. ಅವನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

ಹುಡುಗಿಯರು ಇಳಿದು ಬಂದು, "ಒಂದು ಹಕ್ಕೀನೂ ಇಲ್ಲ ಅಕ್ಕ," ಎಂದರು.

"ಮಾತಾಡಿರ್ತೀರಿ."

"ಪಿಸುಮಾತು ಅಷ್ಟೇ."

"ಪಿಸುಮಾತು ಮಾತಲ್ವಾ? ಮುಂದಿನ ಸಲ ಉಸಿರು ಬಿಗಿಹಿಡಿದು ಹೋಗಿ."

ದೊಡ್ಡವರಿಗೂ ಅದೇ ಉತ್ತರ. ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿ ಎಂದಳು. ಕೆಮ್ಮು ಬಂದರೆ ತಿರುವಿಗೆ ಮುಂಚೆಯೇ ಕೆಮ್ಮಿಕೊಳ್ಳಿ ಎಂದಳು. ಹಕ್ಕಿ ಕಾಣದಿದ್ದರೆ ತಪ್ಪು ನಡೆದವರದು. ಅವಳ ಮುಂದೆ ಸೋಲುವುದು ಯಾರಿಗೂ ಇಷ್ಟವಿರಲಿಲ್ಲವಾದ್ದರಿಂದ ಜನ ಹಟ ಹಿಡಿದು ಮೆತ್ತಗೆ ನಡೆಯುವುದನ್ನು ಕಲಿತರು. ವರ್ಷಗಳು ಕಳೆದಂತೆ ಹಟ ರೂಢಿಯಾಯಿತು. ಹೊಂಡದ ತಿರುವಿನಲ್ಲಿ ಮಾತು ನಿಲ್ಲಬೇಕು ಎಂಬುದು ಊರಿನ ಮಕ್ಕಳಿಗೆ ನಡೆಯಲು ಬಂದಾಗಲೇ ಬರುವಂತಾಯಿತು.

*

"ಹಾಗಾದ್ರೆ ಹಕ್ಕಿಗಳು ಬಂದಿದ್ದು?" ಎಂದ ಗಾರ್ಡು. ಅವನ ದನಿ ಇಳಿದಿತ್ತು.

"ಅದನ್ನ ಮೊದಲು ನೋಡಿದ್ದು ನಾವು," ಎಂದಳು ಬೇಕರಿಯವನ ಹೆಂಡತಿ. "ಅವತ್ತು ನಮ್ಮಿಬ್ಬರಿಗೂ ಜಗಳ."

"ಈಗ ಅದೆಲ್ಲ ಯಾಕೆ?" ಎಂದ ಬೇಕರಿಯವನು.

"ಇರಲಿ, ಹೇಳ್ತೀನಿ. ಮದುವೆಯಾದ ಹೊಸದು. ಗೇಟಿನ ಹತ್ರಾನೇ ಮಾತು ಬಿಟ್ಟಿದ್ವಿ. ಇವರು ಮುಂದೆ, ನಾನು ಹಿಂದೆ. ಇವರ ಬೆನ್ನು ನೋಡಿಕೊಂಡು ಉರೀತಾ ಹೋಗ್ತಿದ್ದೆ. ತಿರುವಿನಲ್ಲಿ ಇವರು ನಿಂತ್ರು. ಏನು ಅಂತ ಕೇಳೋಣ ಅಂದ್ರೆ ಮಾತು ಬಿಟ್ಟಿದ್ದೀನಲ್ಲ. ಇಣುಕಿ ನೋಡಿದೆ. ಎರಡು ಕೊಕ್ಕರೆ. ಒಂದು ಕಡ್ಡಿ ತಂದುಕೊಡ್ತಿತ್ತು, ಇನ್ನೊಂದು ಅದನ್ನ ಸಿಕ್ಕಿಸ್ತಿತ್ತು. ಎಷ್ಟು ಹೊತ್ತು ನಿಂತಿದ್ವೋ ಗೊತ್ತಿಲ್ಲ. ಕೆಳಗೆ ಓಡಿ ಬಂದು ಅಕ್ಕನಿಗೆ ಇಬ್ಬರೂ ಒಟ್ಟಿಗೇ ಹೇಳಿದ್ವಿ."

"ಅಕ್ಕ ಏನಂದ್ಲು?" ಎಂದ ಗಾರ್ಡು.

"'ನಾನು ಹೇಳಿರಲಿಲ್ವಾ' ಅಂದ್ಲು. ಅಷ್ಟೇ."

ತಂಗಿಗೆ ಆ ಸಂಜೆ ನೆನಪಾಯಿತು. ಅಕ್ಕ ಬೆಳಗ್ಗೆ ಒಯ್ದ ಊಟದ ಡಬ್ಬಿಯನ್ನು ಮುಟ್ಟದೆ ಮನೆಗೆ ತಂದಿದ್ದಳು. ಯಾಕೆ ಎಂದರೆ, "ಹಸಿವೇ ಆಗಲಿಲ್ಲ ಕಣೇ," ಎಂದು ಸುಮ್ಮನೆ ನಗುತ್ತಿದ್ದಳು.

ಗಾರ್ಡು ಗುಡ್ಡದ ಕಡೆ ನೋಡುತ್ತ ನಿಂತಿದ್ದ. "ಈ ಸುತ್ತಮುತ್ತ ಇನ್ನೂ ಹೊಂಡಗಳಿವೆ. ಅಲ್ಲೂ ಮೀನಿದೆ, ಮರ ಇದೆ. ಒಂದು ಕೊಕ್ಕರೇನೂ ಗೂಡು ಕಟ್ಟಲ್ಲ. ಇಲ್ಲಿ ಮಾತ್ರ ಯಾಕೆ ಅಂತ ನಾನು ಬಂದಾಗಿಂದ ಯೋಚನೆ ಮಾಡ್ತಿದ್ದೆ," ಎಂದ. ಇಡೀ ಊರು, ಇಲ್ಲದ ಹಕ್ಕಿಗಳಿಗಾಗಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ನಡೆದಿತ್ತು. ಆ ಮೌನ ಕಂಡು ಹಕ್ಕಿಗಳು ಬಂದಿದ್ದವು. ಅಲ್ಲಿದ್ದವರು ಅದನ್ನೀಗ ಒಬ್ಬರ ಮುಖದಲ್ಲೊಬ್ಬರು ಓದುತ್ತಿದ್ದರು.

ಈಗ ಹೆದರಿದ್ದು ತಂಗಿ. "ಬೇಡ," ಎಂದಳು. "ಗಾಡಿಯಲ್ಲೇ ಹೋಗೋಣ. ನನಗಿದು ಗೊತ್ತಿರಲಿಲ್ಲ. ನನ್ನ ಆಸೆಗೆ ಅವು ಎದ್ದುಹೋದ್ರೆ ಅಕ್ಕನ ಬದುಕನ್ನೇ ನಾನು ಅಳಿಸಿದ ಹಾಗೆ."

ಗಾರ್ಡು ಮುಂದೆ ಬಂದು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟ.

"ನಡೀರಿ. ಇವರಿಗೆಲ್ಲ ನಡೆಯೋಕೆ ಕಲಿಸಿದ್ದು ಅವಳೇ ಅಲ್ವಾ."

*

ಏರಿನಲ್ಲಿ ಎಲ್ಲರೂ ಏದುಸಿರು ಬಿಟ್ಟರು. ಗೇಟಕ್ಕನ ಭಾರದ ಬಗ್ಗೆ ಬಡಗಿ ಒಂದು ಮಾತು ಹೇಳಿದ, ಅದಕ್ಕೆ ಬೇಕರಿಯವನು ಇನ್ನೊಂದು ಸೇರಿಸಿದ. ಅವಳು ಕೇಳಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಏರು ಮುಗಿದಲ್ಲಿ ಹಿಂದೆ ತಿರುಗಿ ನಿಂತರು. ಊರು ಅಂಗೈಯಗಲ ಕಂಡಿತು, ಅವಳು ಹೇಳುತ್ತಿದ್ದಂತೆಯೇ. ಪೆಟ್ಟಿಗೆಯನ್ನೂ ಊರಿನ ಕಡೆ ತಿರುಗಿಸಿದರು. ಅದನ್ನು ಯಾರು ಹೇಳಿದರೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ತಿರುವು ಬರುವ ಮುನ್ನ ಬಡಗಿ ಅರ್ಧ ಮಾತಿನಲ್ಲಿದ್ದ. ಉಳಿದರ್ಧ ಹೊರಗೆ ಬರಲಿಲ್ಲ. ಹೆಂಗಸರು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡರು. ಚಪ್ಪಲಿಗಳು ಕಾಲಿಂದ ಕೈಗೆ ಬಂದವು. ಕೆಮ್ಮಬೇಕಾದವರು ಕೆಮ್ಮಿಕೊಂಡರು.

ದಾರಿ ಎತ್ತರದಲ್ಲಿತ್ತು, ದಂಡೆಯ ಮರಗಳ ತಲೆಗಳು ಕಣ್ಣಿನ ಮಟ್ಟಕ್ಕೇ ಬರುತ್ತಿದ್ದವು. ಮರದ ತುಂಬ ಗೂಡುಗಳು. ಗೂಡಿಗೊಂದು ಕೊಕ್ಕರೆ, ಬೂದು ಬೆನ್ನು, ಉದ್ದ ಕತ್ತು, ಹಳದಿ ಕಣ್ಣು. ಈ ದಾರಿಯಲ್ಲಿ ನೂರು ಸಲ ನಡೆದವರೂ ಇವತ್ತೇ ಮೊದಲ ಸಲ ನೋಡುವವರಂತೆ ನೋಡಿದರು. ಗಾರ್ಡನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಪೋಸ್ಟ್‌ಮನ್ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಕೊಂಡು ನಡೆಯುತ್ತಿದ್ದ. ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತಿರುವಂತೆ ಅವನ ತುಟಿಗಳು ದನಿಯಿಲ್ಲದೆ ಆಡುತ್ತಿದ್ದವು. ತಂಗಿ ತಲೆಯೆತ್ತಿ ನೋಡುವ ಧೈರ್ಯವಾಗದೆ ಮುಂದಿನವರ ಹಿಮ್ಮಡಿಗಳನ್ನೇ ನೋಡುತ್ತ ಬರುತ್ತಿದ್ದಳು.

ಹಿಮ್ಮಡಿಗಳು ನಿಂತವು. ಅವಳು ತಲೆಯೆತ್ತಿದಳು.

ಹತ್ತಿರದ ಗೂಡಿನ ಕೊಕ್ಕರೆ ಎದ್ದು ನಿಂತಿತ್ತು. ಕತ್ತು ನೆಟ್ಟಗಾಗಿತ್ತು. ಪೆಟ್ಟಿಗೆ ಹೊತ್ತವರು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟಲ್ಲೇ ಉಳಿದರು. ಊರಿಗೆ ಊರೇ ಉಸಿರು ಹಿಡಿದು ನಿಂತಿತು. ತಂಗಿ ಕೈಯಲ್ಲಿದ್ದ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡಳು.

ಕೊಕ್ಕರೆ ಅವರನ್ನು ನೋಡಲಿಲ್ಲ. ಕತ್ತು ಬಾಗಿಸಿ, ಆ ಉದ್ದ ಕೊಕ್ಕಿನ ತುದಿಯಿಂದ ಮೊಟ್ಟೆಗಳನ್ನು ಒಂದೊಂದಾಗಿ ಮಗ್ಗುಲು ಬದಲಿಸಿತು. ನೀಲಿ ಮೊಟ್ಟೆಗಳು ಬಿಸಿಲಿಗೆ ಒಂದು ಗಳಿಗೆ ಹೊಳೆದವು. ಆಮೇಲೆ ಅದು ಗರಿ ಸಡಿಲಿಸಿ, ಅವುಗಳ ಮೇಲೆ ಮೆಲ್ಲಗೆ ಕೂತುಕೊಂಡಿತು.