ಬೇವಿನ ಬುಡಕ್ಕೆ ನೀರು

ಎಂಟು ಬೇವಿನ ಸಸಿಗಳಲ್ಲಿ ಮೂರು ಮುದುಡಿ ಕಂದು ಬಣ್ಣಕ್ಕೆ ತಿರುಗಿದ್ದವು. ಮೂರನೇ ಮಹಡಿಯ ಕಿಟಕಿಯಿಂದ ಮತ್ತೊಮ್ಮೆ ಇಣುಕಿದ ರುಕಿಯಾ ಪರದೆ ಎಳೆದಳು. ಇಳಿಹೊತ್ತಿನ ಅಸರ್ ನಮಾಝಿನ ಹೊತ್ತಿಗೆ, ಸಸಿ ನೆಡಿಸಿದ ನಗರಸಭೆಯ ಇಂಜಿನಿಯರ್ ಬಂದುಬಿಡುತ್ತಾನೆ. ಸಸಿಗಳು ಈ ಬೇಸಿಗೆ ದಾಟಿದರೆ ಮಾತ್ರ ಕಟ್ಟಡದ ಹಿಂದೆ ನೆರಳು, ಕೂರಲು ಬೆಂಚು. ಇಲ್ಲವಾದರೆ ಮೊದಲಿನಂತೆ ಕಾರುಗಳ ಸಾಲು. ನೀರಿನ ಹೊಣೆ ನನ್ನದೆಂದು ಸಹಿ ಹಾಕಿದವಳು ಅವಳೇ. ಗಲ್ಫಿನ ಈ ನಜ್ಮಾ ಬಡಾವಣೆಯಲ್ಲಿ ಹದಿನೈದು ವರ್ಷ ಎದುರಿನ ಗೋಡೆಯನ್ನೇ ನೋಡುತ್ತ ಅನ್ನ ಬೇಯಿಸಿದವಳಿಗೆ ಆ ಸಸಿಗಳು ಏನೆಂಬುದನ್ನು ಗಂಡ ನಿಝಾಮನಿಗೂ ಹೇಳಿರಲಿಲ್ಲ.

ಹೇಳಬಾರದ್ದನ್ನು ಮಾತ್ರ ಹೇಳಿಬಿಟ್ಟಿದ್ದಳು. ಸಸಿ ನೆಡುವ ಮೊದಲು ಕೆಳಗಿನ ಟೈಲರ್ ಸರ್ಫರಾಝನ ಪಿಕಪ್ ನಿಲ್ಲುತ್ತಿದ್ದುದು ಅಲ್ಲೇ. "ಅವನೇ ಏನೋ ಸುರಿದಿದ್ದಾನೆ" ಎಂದು ಎರಡು ಮನೆಗಳಲ್ಲಿ ಆಡಿದ್ದಳು.

ನಡುಮಧ್ಯಾಹ್ನ ಕೆಳಗಿಳಿದು ಪೈಪು ಎಳೆದಳು.

"ಎಂತ ರುಕಿಯಕ್ಕ, ಇವತ್ತು ನಾನು ಎಂತ ಸುರಿದದ್ದು? ಆಸಿಡಾ, ಪೆಟ್ರೋಲಾ?" ಅಂಗಡಿ ಬಾಗಿಲಿಂದ ಸರ್ಫರಾಝ್ ಕೇಳಿದ.

"ನಾನು ಹಾಗೆ ಹೇಳಲಿಲ್ಲ."

"ಹೌದಾ? ಮತ್ತೆ ಗಿರಾಕಿಗಳು ನಾನು ಕೊಟ್ಟ ಚಾ ಕುಡೀಲಿಕ್ಕೆ ಯಾಕೆ ಹೆದರುವುದು ಮಾರಾಯ್ರೆ?"

ಅವಳು ನಲ್ಲಿ ತಿರುಗಿಸಿದಳು. ಪೈಪು ಕಳಚಿ ನೀರು ಅವಳ ಪಾದದ ಮೇಲೆಯೇ ಸುರಿಯಿತು. ಚೀರಿ ಹಿಂದಕ್ಕೆ ಹಾರಿದಳು.

ತಾರಸಿಯ ಟ್ಯಾಂಕಿನಲ್ಲಿ ಕಾದ ನೀರು! ಜೂನ್ ಬಂತೆಂದರೆ ಗೀಸರ್ ಆರಿಸಿ, ಮನೆಯೊಳಗೆ ಅದರಲ್ಲಿ ತಣಿದ ನೀರನ್ನೇ ಹಿಡಿಯುವವಳು ಅವಳು. ಮಕ್ಕಳ ಸ್ನಾನಕ್ಕೆ ಹಿಂದಿನ ದಿನವೇ ಬಕೆಟ್ ತುಂಬಿಡುವವಳು. ಆದರೆ ಎಲೆ ಬಾಡಿದ್ದು ಕಂಡಾಗ ಮಾತ್ರ, ಊರಿನ ಅಂಗಳದಲ್ಲಿದ್ದಂತೆ, ಮಧ್ಯಾಹ್ನವೇ ಓಡಿಬಂದು ನೀರು ಬಿಟ್ಟಿದ್ದಳು. ಹೆಚ್ಚು ಬಾಡಿದ್ದಕ್ಕೆ ಹೆಚ್ಚು ನೀರು. ವಾರವಿಡೀ.

ಅಸರ್ ಹೊತ್ತಿಗೆ ಮೈಸೂರಿನ ಚನ್ನಕೇಶವ ಎಂಬ ಆ ಇಂಜಿನಿಯರ್ ಬಂದು, ಮಂಡಿಯೂರಿ ಮಣ್ಣು ಕೆದಕಿದ.

"ಬೇರುಗಳೇ ಬೆಂದಿವೆಯಲ್ಲಮ್ಮಾ. ಯಾರಾದ್ರೂ ಬೇಕಂತಲೇ ಮಾಡಿದ್ರಾ? ಹಾಗಿದ್ರೆ ಬರ್ಕೋತೀನಿ, ಬೇರೆ ಸಸಿ ಕೊಡ್ತಾರೆ. ನೀರು ಹಾಕೋರ ತಪ್ಪು ಅಂದ್ರೆ ಜಾಗವನ್ನೇ ಕೈಬಿಡಬಹುದು."

ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಸರ್ಫರಾಝ್ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಒಂದು ಹೆಸರು ಹೇಳಿದರೆ ಸಾಕಿತ್ತು. ಉಳಿದ ಐದು ಸಸಿಗಳತ್ತ ನೋಡಲೂ ರುಕಿಯಾಳಿಗೆ ಭಯವಾಯಿತು.

"ನಾನೇ ಸರ್. ಮಧ್ಯಾಹ್ನ ಟ್ಯಾಂಕಿನ ನೀರು ಬಿಟ್ಟೆ."

ಚನ್ನಕೇಶವ ಪೆನ್ನು ತೆಗೆದ. "ಐದು ಉಳಿದಿವೆ, ಒಂದು ತಿಂಗಳು ನೋಡೋಣ ಅಂತ ಬರೀತೀನಿ. ಮೇಲಿನವರು ಒಪ್ತಾರೋ ಇಲ್ವೋ, ನನ್ನ ಕೈಲಿಲ್ಲ."

ಅವನ ಕಾರು ಹೋದ ಮೇಲೆ ಸರ್ಫರಾಝ್ ಹತ್ತಿರ ಬಂದ. "ಆ ಎರಡು ಮನೆಗೂ ಹೋಗಿ ಇದನ್ನೇ ಹೇಳಿ ರುಕಿಯಕ್ಕ."

"ಈಗಲೇ ಹೋಗ್ತೇನೆ."

ಉರಿಯುವ ಪಾದ ಎಳೆಯುತ್ತ ಎರಡನೇ ಮಹಡಿಗೆ ಹತ್ತಿ ಆ ಮನೆಗಳಲ್ಲೊಂದರ ಬೆಲ್ ಒತ್ತಿದಳು. ಒಳಗೆ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.